ಮೂವತ್ತೊಂದು ಮಂದಿ ನಕ್ಕ ವಿಷಯ

ತನ್ನ ಪರೀಕ್ಷೆ ಇಲ್ಲದ ದಿನವೂ ಪರೀಕ್ಷೆಯ ಹಾಲಿನ ಮುಂದೆ ಬಂದು ನಿಲ್ಲುವ ವಿದ್ಯಾರ್ಥಿಯನ್ನು ನಾನು ಒಬ್ಬನನ್ನೇ ಕಂಡಿದ್ದೇನೆ. ಅವನು ಬೀರಪ್ಪ. ವಿಜಾಪುರದ ನಮ್ಮ ಕಾಲೇಜಿನ ಅಂಗಳದಲ್ಲಿ ಒಂದು ಬೇವಿನ ಗಿಡವಿತ್ತು. ಮಾರ್ಚ್ ತಿಂಗಳ ರಣರಣ ಬಿಸಿಲಿನಲ್ಲಿ ತಲೆಯ ಮೇಲೆ ಕರಿ ಕಂಬಳಿ ಹೊದ್ದು, ಆ ಗಿಡದ ಬುಡಕ್ಕೆ ಹಾಲಿನ ಬಾಗಿಲಿಗೆ ಮುಖ ಮಾಡಿ ನಿಲ್ಲುತ್ತಿದ್ದ. ಗಂಟೆಯಾದ ಕೂಡಲೆ ಮುಂದಿನ ವರ್ಗದ ಹುಡುಗರು ಪೇಪರು ಮುಗಿಸಿ ಹೊರಗೆ ಬರುವರು. ಬೀರಪ್ಪ ಯಾರನ್ನೂ ಮಾತಾಡಿಸುತ್ತಿರಲಿಲ್ಲ. ಬರೀ ಮುಖ ನೋಡುತ್ತಿದ್ದ. ನಗುತ್ತ ಬಂದವರನ್ನು ಬಲಗೈ ಬೆರಳಿನ ಗೆಣ್ಣುಗಳ ಮೇಲೆ ಎಣಿಸಿಕೊಳ್ಳುತ್ತಿದ್ದ. ಮುಂದಿನ ವರ್ಷ ಯಾವ ಐಚ್ಛಿಕ ವಿಷಯ ತೆಗೆದುಕೊಳ್ಳಬೇಕು ಎಂಬುದನ್ನು ಅವನು ನಿರ್ಧರಿಸುತ್ತಿದ್ದದ್ದು ಹೀಗೆ.

"ಗುರುಗಳ್ನ ಕೇಳಿದ್ರ ಎಲ್ಲಾ ವಿಷಯನೂ ಛಲೋ ಅಂತಾರ. ಹುಡುಗೂರ್ನ ಕೇಳಿದ್ರ, ತಾವು ಶ್ಯಾಣೇರು ಅನ್ನಿಸ್ಕೊಳ್ಳಾಕ ಎಲ್ಲಾ ಸಸಾರ ಅಂತಾರ" ಎನ್ನುತ್ತಿದ್ದ. "ಹೊರಗ ಬರೂ ಹೊತ್ತಿನ್ಯಾಗ ಮಾರಿ ನೋಡ್ಬೇಕು ದೇಶಪಾಂಡೆ. ಅದೊಂದ ಗಳಿಗಿ ಯಾರಿಗೂ ಸೋಗು ಹಾಕಾಕ ಆಗೂದಿಲ್ಲ."

ದೇಶಪಾಂಡೆ ಎಂದರೆ ನಾನು. ಜಮಖಂಡಿಯ ಹೈಸ್ಕೂಲಿನಿಂದಲೂ ನಾವಿಬ್ಬರೂ ಒಂದೇ ವರ್ಗ. ಬೀರಪ್ಪ ಬೀಳಗಿ ಕಡೆಯ ಅನಗವಾಡಿಯವನು. ಹೊಳೆಯ ದಂಡೆಯ ಊರು, ಮನೆಯಲ್ಲಿ ಕುರಿ ಹಿಂಡು, ಮನೆದೇವರು ಬೀರೇಶ್ವರ. ಅವರ ಅಪ್ಪ ಬೇಸಿಗೆಯಲ್ಲಿ ಹಿಂಡು ಹೊಡೆದುಕೊಂಡು ಮುಧೋಳದ ಸೀಮೆಗೆ ಹೋಗುವರು. ಕಬ್ಬಿನ ಹೊಲದ ರೈತರು ಗೊಬ್ಬರಕ್ಕೆಂದು ಕುರಿಗಳನ್ನು ರಾತ್ರಿ ತಮ್ಮ ಹೊಲದಲ್ಲಿ ತರುಬಿಸಿ ನಿಲ್ಲಿಸಿಕೊಳ್ಳುತ್ತಿದ್ದರು. "ಹಿಂಡು ಒಳಗ ಬಿಡೂಕಿಂತ ಮೊದ್ಲ ಅಪ್ಪ ಹೊಲದ ತುಂಬ ಬರಿಗಾಲಿಲೆ ಅಡ್ಡಾಡತಾನ. ಮುಳ್ಳು ಎಲ್ಲೈತಿ, ಹರಳು ಎಲ್ಲೈತಿ ನೋಡ್ತಾನ. ನಾನೂ ಅಷ್ಟ" ಎಂದು ಬೀರಪ್ಪ ತನ್ನ ಪದ್ಧತಿಗೆ ಸಮರ್ಥನೆ ಕೊಡುತ್ತಿದ್ದ. ಸುಲಭ ವಿಷಯ ಹುಡುಕುವುದರಲ್ಲಿ ನಾಚಿಕೆಪಡುವಂಥದ್ದು ಏನಾದರೂ ಇದೆಯೆಂದು ಅವನಿಗೆ ಹೊಳೆದೇ ಇರಲಿಲ್ಲ. ನಮ್ಮ ಮನೆಯಲ್ಲಿ ಅದು ಕಳ್ಳತನಕ್ಕಿಂತ ಒಂದೇ ಮೆಟ್ಟಿಲು ಕೆಳಗಿನ ಅಪರಾಧ.

ನಮ್ಮ ತಂದೆ ಜಮಖಂಡಿ ಸಂಸ್ಥಾನದ ದಫ್ತರದಲ್ಲಿ ಕಾರಕೂನರಾಗಿದ್ದವರು. ಸಂಸ್ಥಾನ ಮುಂಬಯಿ ರಾಜ್ಯದಲ್ಲಿ ವಿಲೀನವಾದ ಮೇಲೆ ಅವರ ಕುರ್ಚಿ ಮಾಮಲೇದಾರ ಕಚೇರಿಯ ಮೂಲೆಗೆ ಸರಿಯಿತು. ಕುರ್ಚಿ ಸರಿದಷ್ಟೂ ಮನೆಯಲ್ಲಿ ಅವರ ದನಿ ಏರಿತು. ಮಗ ಸಂಸ್ಕೃತ ಓದಬೇಕು, ಇದರಲ್ಲಿ ಎರಡು ಮಾತಿಲ್ಲ. ಅವರ ಅಜ್ಜ ಓದಿದ್ದರಂತೆ, ಮುತ್ತಜ್ಜ ಓದಿದ್ದರಂತೆ. ನನಗೆ ಬರುತ್ತದೆಯೇ ಎಂದು ಯಾರೂ ಕೇಳಲಿಲ್ಲ. ನನಗೆ ಬರುತ್ತಿರಲಿಲ್ಲ.

ಕಾಲೇಜಿನ ಮೊದಲ ವರ್ಷ ಎರಡನೆಯ ಭಾಷೆ ಆರಿಸಿಕೊಳ್ಳುವಾಗ ಬೀರಪ್ಪ ಅರ್ಧಮಾಗಧಿ ತೆಗೆದುಕೊಂಡ. ಅದು ಜೈನರ ಹಳೆಯ ಗ್ರಂಥಗಳ ಭಾಷೆ. ನಮ್ಮ ಕಡೆಯ ಕಾಲೇಜುಗಳಲ್ಲಿ ಆಗ ಕಲಿಸುತ್ತಿದ್ದರು. ಪಾಠ ಸಣ್ಣವು, ಪ್ರಶ್ನೆಗಳು ವರ್ಷ ವರ್ಷ ಅವೇ, ಮಾರ್ಕು ಧಾರಾಳ. ಹಾಸ್ಟೆಲಿನಲ್ಲಿ ನಾನು ಅವನನ್ನು ಎಲ್ಲರ ಮುಂದೆ ಚೇಷ್ಟೆ ಮಾಡಿದೆ. "ಯಾಕೋ ಬೀರಪ್ಪ, ಕುರಿಗಳ ಜೋಡಿ ಅರ್ಧಮಾಗಧಿ ಮಾತಾಡ್ತೀ ಏನು?" ಎಂದೆ. ಎಲ್ಲರೂ ನಕ್ಕರು. ಬೀರಪ್ಪನೂ ನಕ್ಕ. "ಅವು ನಿನಕಿಂತ ಲಗೂನ ಕಲೀತಾವ ಬಿಡು" ಎಂದ.

ಸಂಸ್ಕೃತದ ವರ್ಗದಲ್ಲಿ ನಾವು ಅರವತ್ತು ಜನ. ಕಿಟಕಿಯ ಹತ್ತಿರ ಕೂಡಲು ಜಗಳ. ಅರ್ಧಮಾಗಧಿಗೆ ಇದ್ದವರು ಎಂಟೇ ಜನ. ಕಲಿಸುವವರು ಒಬ್ಬ ವಯಸ್ಸಾದ ಪ್ರಾಧ್ಯಾಪಕರು. ಬಂದ ಎಂಟೂ ಹುಡುಗರನ್ನು ಅವರು ಬೀಗರಂತೆ ಉಪಚರಿಸುತ್ತಿದ್ದರು. ಕೋಟಿನ ಕಿಸೆಯಿಂದ ಶೇಂಗಾ, ಬೆಲ್ಲ ತೆಗೆದು ಹಂಚುವರು, ಆಮೇಲೆ ಪಾಠ. ಅವರ ಕೋಣೆಯ ಮುಂದಿನಿಂದ ಹೋಗುವಾಗ ಒಳಗಿನಿಂದ ನಗು ಕೇಳಿಸುತ್ತಿತ್ತು. ನನ್ನ ಬಾಯಲ್ಲಿ ಆಗ ರೂಪಗಳ ಕಂಠಪಾಠ, ಬೀರಪ್ಪನ ಬಾಯಲ್ಲಿ ಶೇಂಗಾ. ಹೊಟ್ಟೆಕಿಚ್ಚು ಎಂದರೆ ಏನೆಂದು ನನಗೆ ಗೊತ್ತಾದದ್ದು ಆ ಕೋಣೆಯ ಬಾಗಿಲಲ್ಲಿ.

ಒಮ್ಮೆ ಹತ್ತಿದ ಮೇಲೆ ಅದಕ್ಕೆ ಕಾರಣ ಬೇಕಾಗುವುದಿಲ್ಲ. ಅವನ ನಿದ್ದೆಯ ಮೇಲೂ ನನಗೆ ಉರಿ. ಕಂಬಳಿ ಎಳೆದುಕೊಂಡರೆ ಮುಗಿಯಿತು, ಹಾಸ್ಟೆಲಿನಲ್ಲಿ ಹಲಗೆ ಬಾರಿಸಿದರೂ ಏಳನು. ಅವನ ಊಟದ ಮೇಲೂ ಉರಿ. ಊರಿನಿಂದ ಬಂದ ಕಟಕಲ ರೊಟ್ಟಿ, ಅಗಸಿ ಹಿಂಡಿ ಎಂಟು ದಿನ ಕಟ್ಟಿಟ್ಟು ತಿನ್ನುವನು, ಅದರಲ್ಲಿ ಅರ್ಧ ನನಗೇ ಕೊಡುವನು, ತಿನ್ನುತ್ತಲೇ ನಾನು ಉರಿಯುವೆನು. ಮೊದಲ ವರ್ಷದ ಫಲಿತಾಂಶ ಬಂದಾಗ ಅವನಿಗೆ ಅರ್ಧಮಾಗಧಿಯಲ್ಲಿ ಎಪ್ಪತ್ತೆಂಟು, ನನಗೆ ಸಂಸ್ಕೃತದಲ್ಲಿ ನಲವತ್ತೊಂಬತ್ತು. ನಮ್ಮ ತಂದೆ ಮಾರ್ಕಿನ ಚೀಟಿಯನ್ನು ಎರಡು ಸಲ ಓದಿದರು. ಚಾಳೀಸು ತೆಗೆದು ಒರೆಸಿ ಮತ್ತೊಮ್ಮೆ ಓದಿದರು. "ಆ ಕುರಿ ಕಾಯೋ ಹುಡುಗಗ ಎಷ್ಟು ಬಿದ್ದಾವ?" ಎಂದು ಕೇಳಿದರು. ಹೇಳಿದೆ. ಅವರು ಚೀಟಿಯನ್ನು ನನ್ನ ಕೈಗೆ ಕೊಟ್ಟು ಹೊರಗೆ ಹೋದರು.

ಇದರ ಮೇಲೆ ಬನಹಟ್ಟಿಯ ನೂಲಿನ ವ್ಯಾಪಾರಿಯೊಬ್ಬರು ಒಂದು ವಿದ್ಯಾರ್ಥಿವೇತನ ಜಾಹೀರು ಮಾಡಿದರು. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆಯಿಂದ ಬಂದವರಲ್ಲಿ ಯಾರು ಮುಂದಿನ ವರ್ಷದ ಇಂಟರ್ ಪರೀಕ್ಷೆಯಲ್ಲಿ ಹೆಚ್ಚು ಮಾರ್ಕು ತೆಗೆಯುತ್ತಾರೋ ಅವನೊಬ್ಬನಿಗೆ ಬಿ.ಎ. ಮುಗಿಯುವವರೆಗೆ ಫೀ, ಊಟ, ವಸತಿ ಎಲ್ಲ ಅವರದೇ. ನಮ್ಮ ಕಡೆಯಿಂದ ಬಂದವರಲ್ಲಿ ಅಷ್ಟು ಮಾರ್ಕು ತೆಗೆಯುವವರು ನಾವಿಬ್ಬರೇ. ಅದು ನನಗೆ ಸಿಗದಿದ್ದರೆ ಇಂಟರಿಗೆ ನನ್ನ ಓದು ಮುಗಿಯಿತು. ಮಹಾಲಿಂಗಪುರದ ಬೆಲ್ಲದ ಅಡತಿ ಅಂಗಡಿಯಲ್ಲಿ ನಮ್ಮ ತಂದೆ ನನಗಾಗಿ ಆಗಲೇ ಮಾತಾಡಿ ಇಟ್ಟಿದ್ದರು. ಬೀರಪ್ಪನಿಗೆ ಸಿಗದಿದ್ದರೆ ಅವನು ಊರಿಗೆ ಹೋಗಿ ಹಿಂಡಿನ ಹಿಂದೆ ನಡೆಯಬೇಕು. ಅವರ ಅಪ್ಪ ಹೇಳಿದ್ದು ಒಂದೇ ಮಾತು: "ರೊಕ್ಕ ಕೇಳಬ್ಯಾಡ. ರೊಕ್ಕ ಬೇಕಾಗೂ ತನಾ ಓದು."

ಇಂಟರಿನಲ್ಲಿ ಭಾಷೆಗಳು ಹಾಗೇ ಮುಂದುವರಿಯುತ್ತಿದ್ದವು. ಹೊಸದಾಗಿ ಆರಿಸಿಕೊಳ್ಳಬೇಕಾದದ್ದು ಒಂದೇ ಐಚ್ಛಿಕ ವಿಷಯ, ತರ್ಕಶಾಸ್ತ್ರ ಇಲ್ಲವೆ ಭೂಗೋಲ. ಅರ್ಧಮಾಗಧಿಯಲ್ಲಿ ಅವನು ನನಗಿಂತ ಮೂವತ್ತು ಮಾರ್ಕು ಮುಂದೆ ಇರುವುದು ಖಂಡಿತ. ಆ ಮೂವತ್ತನ್ನು ನಾನು ಎಲ್ಲಿಂದ ತರಲಿ?

ಫಲಿತಾಂಶಕ್ಕೂ ಮೊದಲು, ಆ ಮಾರ್ಚಿನಲ್ಲಿ, ನಮ್ಮ ಪರೀಕ್ಷೆ ಮುಗಿದು ಇಂಟರಿನವರದು ನಡೆದಿತ್ತು; ತರ್ಕಶಾಸ್ತ್ರ, ಭೂಗೋಲದ ಪೇಪರು ಇನ್ನೂ ಉಳಿದಿದ್ದವು. ಬೀರಪ್ಪ ಎಂದಿನಂತೆ ಬೇವಿನ ಗಿಡದ ಬುಡಕ್ಕೆ ನಿಲ್ಲಲು ತಯಾರಾಗಿದ್ದ. ಅಷ್ಟರಲ್ಲಿ ಊರಿನಿಂದ ಆಳು ಬಂದ. ಅಪ್ಪನಿಗೆ ಜ್ವರ, ಹಿಂಡು ಮುಧೋಳದ ಹೊಲದಲ್ಲಿ, ನೋಡಿಕೊಳ್ಳುವವರಿಲ್ಲ. ಬೀರಪ್ಪ ಟ್ರಂಕು ಕಟ್ಟಿ ನನ್ನ ಹತ್ತಿರ ಬಂದ.

"ದೇಶಪಾಂಡೆ, ನನ್ನ ಬದಲಿ ನೀ ನಿಲ್ಲತೀಯೇನು? ಎರಡ ದಿನದ ಮಾತು. ನಕ್ಕೋತ ಬಂದವ್ರನ್ನ ಎಣಸು. ಮಂದಿ ಕೂಡ ಮಾತಾಡಬ್ಯಾಡ, ಮಾತಾಡಿದ್ರ ಲೆಕ್ಕ ಕೆಡತೈತಿ."

ನಿಲ್ಲುತ್ತೇನೆ ಎಂದೆ. ಬಾಗಿಲ ತನಕ ಹೋದವನು ತಿರುಗಿ ಬಂದು ಕಂಬಳಿಯನ್ನು ನನ್ನ ಹೆಗಲಿಗೆ ಹಾಕಿದ. "ಬಿಸಿಲು ಭಾಳ ಐತಿ. ತಲೀ ಮ್ಯಾಲ ಹಾಕ್ಕೊ."

ನಾನು ನಿಂತೆ. ಪ್ರಾಮಾಣಿಕವಾಗಿ ಎಣಿಸಿದೆ, ಇದನ್ನು ಮಾತ್ರ ನಂಬಬೇಕು. ತರ್ಕಶಾಸ್ತ್ರದ ದಿನ ನಗುತ್ತ ಬಂದವರು ನಾಲ್ಕು ಜನ. ಅವರಲ್ಲಿ ಒಬ್ಬ ಸದಾ ನಗುವವನು, ಅವನನ್ನು ಬಿಟ್ಟರೆ ಮೂರೇ. ಒಬ್ಬನಂತೂ ಮೆಟ್ಟಿಲ ಮೇಲೆ ಕೂತು ಅತ್ತ. ಭೂಗೋಲದ ದಿನ ಹಾಲಿನ ಬಾಗಿಲು ತೆರೆದ ಕೂಡಲೆ ಗುಲ್ಲೋ ಗುಲ್ಲು. ಮೂವತ್ತೊಂದು ಜನ ನಕ್ಕಿದ್ದರು. ಉಣ್ಣೆಯ ವಾಸನೆಯ ಆ ಕಂಬಳಿಯೊಳಗೆ ಬೆವರುತ್ತ ನಾನು ಎರಡು ಸಲ ಎಣಿಸಿದೆ.

ಜೂನಿನಲ್ಲಿ ಕಾಲೇಜು ತೆರೆಯುವ ಮುಂದೆ ಬೀರಪ್ಪ ಜಮಖಂಡಿಗೆ ನಮ್ಮ ಮನೆಗೆ ಬಂದ. ಕಟ್ಟೆಯ ಮೇಲೆಯೇ ಕೂತ, ಒಳಗೆ ಬಾ ಎಂದು ನಮ್ಮ ತಂದೆ ಅನ್ನಲಿಲ್ಲ. ಒಂದು ಗಡಿಗೆ ಬೆಣ್ಣೆ ತಂದಿದ್ದ. "ಏನಾತು ಲೆಕ್ಕ?" ಎಂದ.

"ತರ್ಕಶಾಸ್ತ್ರಕ್ಕ ಮೂವತ್ತೊಂದು. ಭೂಗೋಲಕ್ಕ ನಾಲ್ಕು."

ಅಷ್ಟು ಸಲೀಸಾಗಿ ನಾಲಿಗೆ ಹೊರಳಿತು. ಬೀರಪ್ಪ ಹುಬ್ಬು ಏರಿಸಿದ. "ತರ್ಕಶಾಸ್ತ್ರಕ್ಕ? ಹೆಸರು ಕೇಳಿದ್ರ ಎದಿ ಝಲ್ಲ್ ಅಂತೈತಿ. ಖರೇನ ನಕ್ರೇನು?"

"ನಾನೇ ಎಣಿಸೇನಲ್ಲ."

"ಮತ್ತ ನೀ ಏನ ತಗೋತಿ?"

"ಅಪ್ಪ ಭೂಗೋಲನೇ ತಗೋ ಅಂತಾರ. ಅವರ ಮುಂದ ನಂದೇನು ನಡೀತದ?"

ಅವನು ನನ್ನ ಮುಖವನ್ನು ಒಂದು ಗಳಿಗೆ ನೋಡಿ ನಾಲಿಗೆ ಲೊಚಗುಟ್ಟಿದ. "ಪಾಪ. ನಾಲ್ಕ ಮಂದಿ ನಕ್ಕದ್ದರಾಗ ನಿನ್ನ ಹಾಕಿದ್ರಲ್ಲೋ" ಎಂದ. ಅವನು ಕೊಟ್ಟು ಹೋದ ಬೆಣ್ಣೆಯನ್ನು ನಮ್ಮವ್ವ ಕಾಸಿದಳು. ಆ ತುಪ್ಪವನ್ನು ನಾನು ಅನ್ನಕ್ಕೆ ಹಾಕಿಕೊಂಡು ಉಂಡೆ ಕೂಡ.

ಭೂಗೋಲ ನನಗೆ ನೀರು ಕುಡಿದಷ್ಟು ಸಲೀಸಾಯಿತು. ನಕಾಶೆ ಬರೆದರೆ ಅರ್ಧಕ್ಕರ್ಧ ಮಾರ್ಕು ಬಂದಂತೆಯೇ. ಬೀರಪ್ಪ ತರ್ಕಶಾಸ್ತ್ರದ ಪುಸ್ತಕ ಹಿಡಿದು ಹಾಸ್ಟೆಲಿನ ಅಂಗಳದಲ್ಲಿ ಅಡ್ಡಾಡತೊಡಗಿದ. ಪುಸ್ತಕ ಇಂಗ್ಲಿಷಿನದು, ಒಂದೊಂದು ವಾಕ್ಯ ಅರ್ಧ ಪುಟ. ಜುಲೈ ಮುಗಿಯುತ್ತ ಬಂದಾಗ ಒಂದು ಸಂಜೆ ನಾವಿಬ್ಬರೂ ಕೋಟೆಯ ಗೋಡೆಯ ಮೇಲೆ ಕೂತಿದ್ದೆವು. ಅವನು ಕೇಳಿದ.

"ಅವತ್ತ ಎಷ್ಟ ಮಂದಿ ನಕ್ಕಿದ್ರು ಅಂದಿ?"

ಹೇಳಿಬಿಡಬಹುದಾಗಿತ್ತು. ವಿಷಯ ಬದಲಾಯಿಸಲು ಇನ್ನೂ ನಾಲ್ಕು ದಿನ ಉಳಿದಿದ್ದವು, ನೋಟೀಸು ಬೋರ್ಡಿನಲ್ಲಿ ನಾನು ಓದಿದ್ದೆ. ಆದರೆ ಅದೇ ಬೆಳಿಗ್ಗೆ ಶೇಂಗಾದ ಪ್ರಾಧ್ಯಾಪಕರು ವರಾಂಡದಲ್ಲಿ ಅವನ ಹೆಗಲ ಮೇಲೆ ಕೈಹಾಕಿಕೊಂಡು ಹೋದದ್ದನ್ನು ನೋಡಿದ್ದೆ. ನನ್ನ ಹೆಗಲ ಮೇಲೆ ಯಾವ ಗುರುಗಳೂ ಕೈ ಇಟ್ಟವರಲ್ಲ.

"ಮೂವತ್ತೊಂದು" ಎಂದೆ.

"ಹಂಗಾರ ನನ್ನ ತಲ್ಯಾಗ ಏನೋ ತೊಡಕೈತಿ" ಎಂದ ಬೀರಪ್ಪ. ಸಿಟ್ಟಿನಿಂದಲ್ಲ. ಕುರಿಯ ಕಾಲಿಗೆ ಮುಳ್ಳು ನಟ್ಟಿದೆ ಎಂದು ಹೇಳುವಂತೆ ಹೇಳಿದ. ಎದ್ದು ಚಡ್ಡಿಯ ಧೂಳು ಝಾಡಿಸಿಕೊಂಡ.

ಆ ವರ್ಷ ಅವನು ತರ್ಕಶಾಸ್ತ್ರದಲ್ಲಿ ನಪಾಸಾದ. ಇಪ್ಪತ್ತೇಳು ಬಿದ್ದಿದ್ದವು. ಉಳಿದ ಎಲ್ಲ ವಿಷಯಗಳಲ್ಲಿ ನನಗಿಂತ ಹೆಚ್ಚು. ಒಂದರಲ್ಲಿ ಬಿದ್ದರೆ ಇಡೀ ಇಂಟರು ಹೋದಂತೆ. ವಿದ್ಯಾರ್ಥಿವೇತನ ನನಗೆ ಬಂತು. ಅವನು ಹಾಸ್ಟೆಲು ಬಿಡುವ ದಿನ ಆ ಮುದುಕ ಪ್ರಾಧ್ಯಾಪಕರ ಕಾಲು ಮುಟ್ಟಲು ಹೋದ. ಅವರು ಅವನನ್ನು ತಬ್ಬಿಕೊಂಡು ಅತ್ತುಬಿಟ್ಟರು. ಗೆದ್ದವನು ನಾನು, ಎರಡು ಹೆಜ್ಜೆ ಹಿಂದೆ ಅವನ ಟ್ರಂಕು ಹಿಡಿದು ನಿಂತಿದ್ದೆ. ನಾನು ಹೋಗುವಾಗ ಹೀಗೆ ಅಳುವವರು ಯಾರಿದ್ದಾರೆ ಎಂದು ಆಗಲೂ ನನ್ನ ಹೊಟ್ಟೆ ಉರಿಯಿತು. ನನ್ನ ಜನ್ಮಕ್ಕಿಷ್ಟು.

ಬೀರಪ್ಪ ಪ್ರಾಥಮಿಕ ಶಾಲೆಯ ಮಾಸ್ತರನಾದ. ಬೀಳಗಿ ತಾಲೂಕಿನ ನಾಲ್ಕಾರು ಊರು ಸುತ್ತಿ ಕಡೆಗೆ ಅನಗವಾಡಿಯಲ್ಲೇ ನಿಂತ. ನಾನು ಬಿ.ಎ. ಮುಗಿಸಿ ಬನಹಟ್ಟಿಯ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಭೂಗೋಲ ಕಲಿಸಿದೆ. ಸುತ್ತಲೂ ಮಗ್ಗಗಳ ಸಪ್ಪಳ, ನಡುವೆ ನನ್ನ ಗೋಡೆಯ ನಕಾಶೆ. ಯಾವ ಹುಡುಗನೂ ನನ್ನ ಪಾಠಕ್ಕೆ ನಕ್ಕದ್ದೂ ಇಲ್ಲ, ಅತ್ತದ್ದೂ ಇಲ್ಲ. ಒಂದು ವರ್ಷ ಅನಗವಾಡಿಯ ಹುಡುಗನೊಬ್ಬ ಸೋದರಮಾವನ ಮನೆಯಲ್ಲಿದ್ದುಕೊಂಡು ಓದಲು ನಮ್ಮ ಶಾಲೆಗೆ ಬಂದ. ಏನು ಕೇಳಿದರೂ ಎದ್ದು ನಿಂತು, "ಬೀರಪ್ಪ ಮಾಸ್ತರು ನಮಗ ಇದನ್ನ ಹೊಳೀ ದಂಡಿಗೆ ಕರಕೊಂಡು ಹೋಗಿ ತೋರಿಸ್ಯಾರ್ರಿ" ಎನ್ನುತ್ತಿದ್ದ. ಅವನ ಕಣ್ಣಿನ ಹೊಳಪು ನೋಡಿ ನಾನು ಅವನನ್ನು ಹಿಂದಿನ ಬೆಂಚಿಗೆ ಕೂಡಿಸಿದೆ.

ನಿವೃತ್ತನಾದ ಮೇಲೆ ಒಂದು ದಿನ ಮಹಾಲಿಂಗಪುರದ ಬಸ್ ಸ್ಟ್ಯಾಂಡಿನಲ್ಲಿ ಕೂತಿದ್ದೆ. ಪಕ್ಕದಲ್ಲಿದ್ದ ತರುಣನೊಬ್ಬ ಮಾತಿಗೆ ಸಿಕ್ಕ. ಊರು ಕೇಳಿದೆ. ಅನಗವಾಡಿ, ಬೀರಪ್ಪ ಮಾಸ್ತರ ಮಗ. ನಾನು ಅವರ ಅಪ್ಪನ ಜೊತೆ ಓದಿದವನೆಂದು ತಿಳಿದು ಅವನಿಗೆ ಬಹಳ ಸಂತೋಷವಾಯಿತು. ಓಡಿಹೋಗಿ ಚಹಾ ತಂದ. ಏನು ಓದಿದೆಯಪ್ಪ ಎಂದೆ.

"ಆರ್ಟ್ಸ್ ಮಾಡೀನ್ರಿ. ಗಣಿತ ತಗೋಬೇಕಂತ ಭಾಳ ಆಸೆ ಇತ್ರಿ, ಮಾರ್ಕೂ ಇದ್ದೂ. ಅಪ್ಪ ಬ್ಯಾಡಂದ್ರು. ನಮ್ಮ ಮನಿತನದ ತಲಿ ಅಷ್ಟ ತಮ್ಮಾ, ಮಂದಿ ನಕ್ಕೋತ ಮಾಡೂ ವಿಷಯನೂ ನನಗ ಹತ್ತಲಿಲ್ಲ ಅಂದ್ರು."

ಬಸ್ಸು ಬಂತು, ಅವನು ಹೋದ. ಚಹಾ ನನ್ನ ಕೈಯಲ್ಲೇ ಆರಿತು.

ಮರುದಿನವೇ ಅನಗವಾಡಿಗೆ ಹೋದೆ. ಬೀರಪ್ಪ ಮನೆಯ ಮುಂದೆ ಕಂಬಳಿ ಹಾಸಿಕೊಂಡು ಕೂತಿದ್ದ. ಬಡವಾಗಿದ್ದ, ಎದೆಯಲ್ಲಿ ಗೊರಗೊರ ಸದ್ದು. ನನ್ನನ್ನು ಕಂಡವನೇ, "ಬಾರಪಾ ದೇಶಪಾಂಡೆ, ಬಾ ಬಾ" ಎಂದು ಏಳಲು ಹೋದ, ಆಗಲಿಲ್ಲ. ಹೆಂಡತಿಯನ್ನು ಕೂಗಿ ಮಜ್ಜಿಗೆ ತರಿಸಿದ. ನಾನು ಕುಡಿಯಲಿಲ್ಲ. ಕುಡಿದರೆ ಹೇಳಲಾರೆ ಎಂದು ಗೊತ್ತಿತ್ತು.

ಹೇಳಿದೆ. ತರ್ಕಶಾಸ್ತ್ರಕ್ಕೆ ನಕ್ಕವರು ನಾಲ್ಕು ಜನ, ಮೂವತ್ತೊಂದು ಭೂಗೋಲದ್ದು, ನಾನು ಬೇಕೆಂದೇ ಅದಲು ಬದಲು ಮಾಡಿದೆ, ಕೋಟೆಯ ಮೇಲೆ ಕೇಳಿದಾಗಲೂ ಸುಳ್ಳನ್ನೇ ಹೇಳಿದೆ.

ಅವನು ಹೊಳೆಯ ಕಡೆಗೆ ನೋಡುತ್ತಿದ್ದ. ಬೈಯಲಿ ಎಂದು ನಾನು ಕಾದೆ, ಬೈಯಲಿಲ್ಲ. ಕಡೆಗೆ ಹೆಂಡತಿಗೆ ಒಳಗಿನ ಟ್ರಂಕು ತರಲು ಹೇಳಿದ. ಅದರ ತಳದಿಂದ ಅರ್ಧಮಾಗಧಿಯ ಮಾರ್ಕಿನ ಚೀಟಿ ತೆಗೆದ. ಅದರೊಳಗೆ ಮಡಿಸಿಟ್ಟ ಇನ್ನೊಂದು ಕಾಗದವಿತ್ತು, ಹಳದಿಗಟ್ಟಿದ ಛಾಪಾ ಫಾರ್ಮು. ಐಚ್ಛಿಕ ವಿಷಯ ಬದಲಾಯಿಸಿಕೊಡಬೇಕೆಂದು ಪ್ರಿನ್ಸಿಪಾಲರಿಗೆ ಕೊಡುವ ಅರ್ಜಿ. ಅವನ ದುಂಡು ಅಕ್ಷರದಲ್ಲಿ ಹೆಸರಿತ್ತು, ವರ್ಗವಿತ್ತು, ತರ್ಕಶಾಸ್ತ್ರದ ಬದಲು ಭೂಗೋಲ ಎಂದಿತ್ತು. ಬದಲಾವಣೆಗೆ ಕಾರಣ ಎಂಬಲ್ಲಿ ಮಾತ್ರ ಖಾಲಿ.

"ಅವತ್ತ ಕ್ವಾಟಿ ಮ್ಯಾಲ ಇದು ನನ್ನ ಕಿಸೆದಾಗಿತ್ತು" ಎಂದ. "ಕಾರಣ ಬರೀದ ಅವ್ರು ತಗೋತಿದ್ದಿಲ್ಲ. ಏನಂತ ಬರೀಲಿ? ಮೂವತ್ತೊಂದು ಮಂದಿ ನಕ್ಕೋತ ಬರದ್ದು ನನಗ ಬರೂದಿಲ್ಲಂತ ಬರೀಲ್ಯಾ? ನಾಚಿಕಿ ಬಂತು." ಮಗನ ಪೆನ್ನು ತರಿಸಿ ನನ್ನ ಮುಂದಿಟ್ಟ. ಮೊದಲ ಸಲ ಅವನ ದನಿ ಗಡಸಾಗಿತ್ತು. "ಬರಿ. ಕಾರಣ ನಿನಗ ಗೊತ್ತೈತಿ."

ಫಾರ್ಮು ಇಂಗ್ಲಿಷಿನಲ್ಲಿತ್ತು. ಇಂಗ್ಲಿಷಿನಲ್ಲಿ ಬರೆದಿದ್ದರೆ ಚೂರು ಮರ್ಯಾದೆ ಉಳಿಯುತ್ತಿತ್ತೋ ಏನೋ. ನಾನು ಕನ್ನಡದಲ್ಲೇ ಬರೆದೆ: ಹೊಟ್ಟೆಕಿಚ್ಚು.

ಅವನು ಕಾಗದವನ್ನು ಕಣ್ಣಿನ ಹತ್ತಿರ ಹಿಡಿದು ಓದಿದ. ತಲೆ ಎತ್ತಿ ನನ್ನನ್ನು ನೋಡಿದ. "ಯಾರ ಮ್ಯಾಲ?"

"ನಿನ್ನ ಮ್ಯಾಲ."

"ನನ್ನ ಮ್ಯಾಲ? ನಿನಗ?" ಅವನಿಗೆ ನಂಬಿಕೆ ಬರಲಿಲ್ಲ. "ಸಂಸ್ಕೃತದ ಮನಿತನ, ಕಾರಕೂನರ ಮಗಾ, ನೀನು? ಏನಿತ್ತೋ ನನ್ನ ಕಡೆ?"

ಎಲ್ಲ ಹೇಳಿದೆ. ಶೇಂಗಾ, ನಿದ್ದೆ, ರೊಟ್ಟಿ, ಹೆಗಲ ಮೇಲಿನ ಕೈ, ಅತ್ತ ಪ್ರಾಧ್ಯಾಪಕರು, ಹಿಂದಿನ ಬೆಂಚಿಗೆ ಕೂಡಿಸಿದ ಹುಡುಗ. ಹೇಳುವಾಗ ಕೂಡ ಆ ಉರಿ ಹಸಿಯಾಗಿಯೇ ಇತ್ತು. ಅವನು ಒಂದೊಂದನ್ನೂ ಕಿವಿಗೊಟ್ಟು ಕೇಳಿದ. ನಡುವೆ ಎರಡು ಸಲ, "ಮತ್ತೊಮ್ಮೆ ಹೇಳು" ಎಂದ. ಕ್ಷಮಿಸಿದೆ ಎಂದು ಮಾತ್ರ ಅನ್ನಲಿಲ್ಲ. ಆ ಮಾತು ಅವನ ಬಾಯಿಂದ ನನಗೆ ಕಡೆಯವರೆಗೂ ಸಿಗಲಿಲ್ಲ.

ಅದೇ ಕೊನೆಯ ಭೇಟಿ. ಎರಡು ತಿಂಗಳಿಗೆ ಅವನು ಹೋದನೆಂದು ಮಗ ಕಾಗದ ಬರೆದ. ಆ ಭೇಟಿಯ ದಿನ ಸಂಜೆಯ ಬಸ್ಸಿಗೆ ನಾನು ಎದ್ದು ನಿಂತಾಗ ಬೀರಪ್ಪ ನನ್ನ ಕಡೆ ನೋಡುತ್ತಲೇ ಇರಲಿಲ್ಲ. ಫಾರ್ಮನ್ನು ತೊಡೆಯ ಮೇಲೆ ಇಟ್ಟುಕೊಂಡು ಒಳಗೆ ಒಲೆಯ ಮುಂದಿದ್ದ ಹೆಂಡತಿಯನ್ನು ಕರೆಯುತ್ತಿದ್ದ.

"ಏ ಇಕಿ, ಇಲ್ಲಿ ಬಾ. ಮಗಗ ಹೇಳಿ ಕಳಸು. ನನ್ನ ತಲಿ ಛಲೋನ ಇತ್ತಂತ. ಕೇಳಿದೇನು? ನನ್ನ ತಲಿ ಛಲೋನ ಇತ್ತಂತ."